ಆಗುವುದು ಮತ್ತು ಮಾಡುವುದು: ಸಾವಯವ ರಸಾಯನದ ಮೊದಲ ಕನ್ನಡ ಪಾಠದ ಭಾಷೆಯನ್ನು ಕುರಿತು

ಸಾರಾಂಶ

ಕರ್ನಾಟಕದ ಹತ್ತನೆಯ ತರಗತಿಯ ವಿಜ್ಞಾನ ಪಠ್ಯಪುಸ್ತಕದ ‘ಕಾರ್ಬನ್ ಮತ್ತು ಅದರ ಸಂಯುಕ್ತಗಳು’ ಎಂಬ ಅಧ್ಯಾಯವು ಕನ್ನಡ ಮಾಧ್ಯಮದ ವಿದ್ಯಾರ್ಥಿಗೆ ಸಾವಯವ ರಸಾಯನದ ಮೊದಲ ಪಾಠ. ವಿಜ್ಞಾನವನ್ನು ಮುಂದುವರಿಸುವವರಿಗೆ ಅದು ಸಾಮಾನ್ಯವಾಗಿ ಕನ್ನಡದಲ್ಲಿ ಕೊನೆಯ ಪಾಠವೂ ಆಗಿರುತ್ತದೆ. ಈ ಲೇಖನವು ಆ ಅಧ್ಯಾಯದ ಭಾಷೆಯನ್ನು ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ ತಾಲ್ಲೂಕುಗಳ ಆಡುಮಾತಿನ ನೆಲೆಯಿಂದ ಪರಿಶೀಲಿಸುತ್ತದೆ. ಪಾರಿಭಾಷಿಕ ಪದಗಳು ಸಂಸ್ಕೃತವೋ, ಇಂಗ್ಲಿಷೋ, ಅಚ್ಚಗನ್ನಡವೋ ಎಂಬ ಪ್ರಶ್ನೆಗಿಂತ, ಕನ್ನಡದ ಕ್ರಿಯಾಪದ ವ್ಯವಸ್ಥೆಯಲ್ಲಿರುವ ‘ಆಗು’ ಮತ್ತು ‘ಮಾಡು’ ಎಂಬ ಭೇದವನ್ನು ಅವು ಉಳಿಸಿಕೊಳ್ಳುತ್ತವೆಯೇ ಎಂಬ ಪ್ರಶ್ನೆ ಮುಖ್ಯವಾದುದೆಂದು ನಾವು ವಾದಿಸುತ್ತೇವೆ.

ಪ್ರಮುಖ ಪದಗಳು: ಪಾರಿಭಾಷಿಕ ಪದಗಳು, ಪ್ರೇರಣಾರ್ಥಕ, ನಾಮೀಕರಣ, ಲಿಪ್ಯಂತರಣ, ವಿಜ್ಞಾನ ಪಠ್ಯ, ಮೈಸೂರು ಕನ್ನಡ

1. ಪೀಠಿಕೆ

ಹುಣಸೂರಿನ ಗೊಬ್ಬರದ ಅಂಗಡಿಯಲ್ಲಿ ಯೂರಿಯಾ ಮೂಟೆಯನ್ನು ಯಾರೂ ಸಾವಯವವೆಂದು ಕರೆಯುವುದಿಲ್ಲ. ಅಲ್ಲಿ ಸಾವಯವವೆಂದರೆ ಕೊಟ್ಟಿಗೆ ಗೊಬ್ಬರ, ಎರೆಗೊಬ್ಬರ, ಬೇವಿನ ಹಿಂಡಿ. ಯೂರಿಯಾ ಅದರ ಎದುರು ಪದವಾದ ‘ರಾಸಾಯನಿಕ’ಕ್ಕೆ ಸೇರಿದ್ದು. ಆದರೆ ಸಾವಯವ ರಸಾಯನದ ಚರಿತ್ರೆ ತೊಡಗುವುದೇ ಈ ಯೂರಿಯಾದಿಂದ. ಜೀವಿಗಳ ದೇಹದಲ್ಲಿ ಮಾತ್ರ ಹುಟ್ಟಬಲ್ಲದೆಂದು ನಂಬಲಾಗಿದ್ದ ಈ ವಸ್ತುವನ್ನು ಫ್ರೆಡ್ರಿಕ್ ವೋಲರ್ 1828ರಲ್ಲಿ ಅಮೋನಿಯಂ ಸಯನೇಟಿನಿಂದ ಪಡೆದನು. ಪಠ್ಯದ ಪ್ರಕಾರ ಯೂರಿಯಾ ಸಾವಯವ, ಹೊಲದ ಪ್ರಕಾರ ಅದು ಸಾವಯವದ ವಿರೋಧಿ. ‘ಸಾವಯವ ರಸಾಯನ’ ಎಂಬ ಪದಪುಂಜವೇ, ಬೇಸಾಯಗಾರರ ಇಂದಿನ ಕನ್ನಡದಲ್ಲಿ, ತನ್ನೊಳಗೆ ತಾನೇ ಜಗಳವಾಡುವ ಪುಂಜವಾಗಿದೆ.

ಇಂತಹ ಅರ್ಥಭೇದ ಇಂಗ್ಲಿಷಿನಲ್ಲಿಯೂ ಇದೆ, ಅದರಿಂದ ಯಾವ ಭಾಷೆಯೂ ಕೆಟ್ಟಿಲ್ಲ. ಶಿಕ್ಷಕರು ಎರಡು ವಾಕ್ಯಗಳಲ್ಲಿ ಅದನ್ನು ಬಿಡಿಸಿ ಹೇಳಬಹುದು. ಪದವೊಂದು ಎರಡು ಕಡೆ ಎರಡು ಅರ್ಥ ಪಡೆಯುವುದು ಕಣ್ಣಿಗೆ ಕಾಣುವ ತೊಡಕು. ನಮ್ಮ ಆಸಕ್ತಿಯಿರುವುದು ಅಷ್ಟು ಸುಲಭವಾಗಿ ಕಾಣದ, ಆದ್ದರಿಂದಲೇ ಹೆಚ್ಚು ಕಾಲ ಉಳಿದಿರುವ ಬೇರೊಂದು ತೊಡಕಿನಲ್ಲಿ.

2. ಪಠ್ಯ ಮತ್ತು ಪ್ರದೇಶ

ವಿಮರ್ಶೆಗೆ ಎತ್ತಿಕೊಂಡ ಅಧ್ಯಾಯವು ಎನ್‌ಸಿಇಆರ್‌ಟಿ 2006ರಲ್ಲಿ ಮೊದಲು ಪ್ರಕಟಿಸಿದ ಇಂಗ್ಲಿಷ್ ಪಠ್ಯದ ಕನ್ನಡ ರೂಪ. ಸಹವೇಲೆನ್ಸೀಯ ಬಂಧ, ಕಾರ್ಬನ್ನಿನ ಸರಪಳಿಗಳು, ಕ್ರಿಯಾಗುಂಪುಗಳು, ಅನುರೂಪ ಶ್ರೇಣಿಗಳು, ನಾಮಕರಣ, ಎಥನಾಲ್ ಮತ್ತು ಎಥನೋಯಿಕ್ ಆಮ್ಲ, ಸಾಬೂನಿನ ಮಿಸೆಲ್‌ಗಳು: ಹೀಗೆ ಒಂದು ಶಾಸ್ತ್ರದ ಪ್ರವೇಶಿಕೆಗೆ ಬೇಕಾದುದೆಲ್ಲ ಅದರಲ್ಲಿದೆ. ನಮ್ಮದು ಪಠ್ಯದ ವಿಮರ್ಶೆಯೇ ಹೊರತು ತರಗತಿಗಳ ಸಮೀಕ್ಷೆಯಲ್ಲ. ಪಠ್ಯದ ಪದಗಳ ಎದುರು ಒಂದು ಪ್ರದೇಶದ ಬಲ್ಲ ಮಾತನ್ನು ಇಟ್ಟು ನೋಡುವುದಷ್ಟೇ ಇಲ್ಲಿಯ ವಿಧಾನ.

ಈ ನಾಲ್ಕು ತಾಲ್ಲೂಕುಗಳನ್ನು ಆರಿಸಿಕೊಂಡುದಕ್ಕೆ ಕಾರಣವಿದೆ. ಇದು ಕರ್ನಾಟಕದ ವರ್ಜೀನಿಯಾ ತಂಬಾಕಿನ ಸೀಮೆ. ಕಟ್ಟೆಮಳಲವಾಡಿ, ಚಿಲ್ಕುಂದ, ಕಂಪಲಾಪುರಗಳಲ್ಲಿ ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆಗಳಿವೆ. ಹುಣಸೂರಿನಲ್ಲಿ ತಂಬಾಕು ಸಂಶೋಧನಾ ಕೇಂದ್ರವಿದೆ. ಕೃಷ್ಣರಾಜನಗರದ ಕಡೆ ನಾಲೆಯ ನೀರಿನಲ್ಲಿ ಭತ್ತ ಮತ್ತು ಕಬ್ಬು ಬೆಳೆಯುತ್ತವೆ. ಚುಂಚನಕಟ್ಟೆಯಲ್ಲಿ ಸಕ್ಕರೆ ಕಾರ್ಖಾನೆಯಿದೆ. ಕಬ್ಬಿನ ಕಾಕಂಬಿಯನ್ನು ಹುದುಗಿಸಿ ಎಥನಾಲ್ ಪಡೆಯುವ ವಿಷಯವನ್ನು ಪಠ್ಯವೇ ಪ್ರಸ್ತಾಪಿಸುತ್ತದೆ. ಹೀಗೆ, ಸಾವಯವ ಸಂಯುಕ್ತಗಳ ರೂಪಾಂತರವನ್ನು ಜೀವನೋಪಾಯವಾಗಿಸಿಕೊಂಡಿರುವ ಕುಟುಂಬಗಳ ಮಕ್ಕಳು ಆ ರೂಪಾಂತರದ ಶಾಸ್ತ್ರವನ್ನು ಮೊದಲ ಬಾರಿಗೆ ಓದುವ ಜಾಗವಿದು.

ಹೊಗೆಸೊಪ್ಪನ್ನು ಮುರಿದು, ಕಡ್ಡಿಗೆ ಕಟ್ಟಿ, ಬ್ಯಾರನ್ನಿಗೆ ಏರಿಸಿ ಹದಮಾಡುವ ಕೆಲಸದ ರಸಾಯನವನ್ನು ಸಂಕ್ಷೇಪವಾಗಿ ಹೀಗೆ ಹೇಳಬಹುದು. ಮೊದಲ ಹಂತದಲ್ಲಿ ಶಾಖ ಕಡಿಮೆ, ತೇವ ಹೆಚ್ಚು. ಎಲೆಯ ಜೀವಕೋಶಗಳು ಇನ್ನೂ ಬದುಕಿರುತ್ತವೆ; ಪಿಷ್ಟವು ಕಿಣ್ವಗಳಿಂದ ಸಕ್ಕರೆಯಾಗುತ್ತದೆ, ಪತ್ರಹರಿತ್ತು ಕರಗಿ ಅದರ ಹಿಂದಿದ್ದ ಹಳದಿ ಮೇಲೇಳುತ್ತದೆ. ಬಳಿಕ ಶಾಖವನ್ನು ಏರಿಸಿ ಆ ಬಣ್ಣವನ್ನು ನಿಲ್ಲಿಸಿ ಎಲೆಯನ್ನು ಒಣಗಿಸುತ್ತಾರೆ. ಕೊನೆಗೆ ನಡುನರ ಒಣಗಬೇಕು. ಶಾಖ ಬೇಗ ಏರಿದರೆ ಎಲೆ ಹಸಿರಾಗಿಯೇ ಸಾಯುತ್ತದೆ. ತಡವಾದರೆ ಗಾಳಿಯ ಆಕ್ಸಿಜನ್ ಎಲೆಯೊಳಗಿನ ಫೀನಾಲ್ ಸಂಯುಕ್ತಗಳೊಡನೆ ಸೇರಿ ಎಲೆ ಕಂದುತ್ತದೆ. ಎರಡರಿಂದಲೂ ಬೆಲೆ ಬೀಳುತ್ತದೆ.

ಈ ವಿವರಣೆಯಲ್ಲಿ ಕ್ರಿಯಾಪದಗಳು ತಾವಾಗಿಯೇ ಎರಡು ಗುಂಪಾಗಿವೆ. ಬಾಡು, ಹಣ್ಣಾಗು, ಕಂದು, ಒಣಗು: ಇವು ಎಲೆಗೆ ಆಗುವುವು. ಬಾಡಿಸು, ಹಣ್ಣುಮಾಡು, ಒಣಗಿಸು: ಇವು ಮನುಷ್ಯ ಮಾಡುವುವು. ಬ್ಯಾರನ್ನಿನ ಮುಂದೆ ರಾತ್ರಿ ಕಾಯುವವನ ಕೌಶಲವೆಲ್ಲ ಈ ಎರಡರ ನಡುವೆ ಇದೆ. ಎಲೆ ಹಣ್ಣಾಗುವ ತನಕ ಒಣಗಿಸಬಾರದು. ಹಣ್ಣಾದ ಮೇಲೆ ಒಣಗಿಸದೆ ಬಿಡಬಾರದು.

3. ‘-ಈಕರಣ’ದ ಕುರುಡು

ಈಗ ಶಾಲಾ ಪಠ್ಯಗಳಲ್ಲಿ ರೂಢಿಗೆ ಬಂದಿರುವ ಪ್ರಕ್ರಿಯಾವಾಚಕಗಳನ್ನು ನೋಡೋಣ: ದಹನ, ಉತ್ಕರ್ಷಣ, ಅಪಕರ್ಷಣ, ಸಂಕಲನ, ಆದೇಶನ, ಕೆಟನೀಕರಣ, ನಿರ್ಜಲೀಕರಣ, ಎಸ್ಟರೀಕರಣ, ಸಾಬೂನೀಕರಣ. ಎಲ್ಲವೂ ನಾಮಪದಗಳು. ವಾಕ್ಯದೊಳಗೆ ಬರಬೇಕಾದರೆ ಇವಕ್ಕೆ ‘ನಡೆಯುತ್ತದೆ’, ‘ಉಂಟಾಗುತ್ತದೆ’, ‘ಒಳಗಾಗುತ್ತದೆ’ ಎಂಬ ಊರುಗೋಲು ಬೇಕು. ಯಾರು ಯಾರಿಗೆ ಏನು ಮಾಡಿದರು, ಯಾವುದು ತಾನಾಗಿ ಆಯಿತು ಎಂಬುದು ನಾಮಪದದೊಳಗೆ ಮುಚ್ಚಿಹೋಗುತ್ತದೆ.

ಇದು ಸಂಸ್ಕೃತದ ದೋಷವೆಂದು ಹೇಳಿ ಮುಗಿಸುವುದು ಸುಲಭ. ಆದರೆ ಅದು ಸರಿಯಲ್ಲ. ‘-ಈಕರಣ’ ಎಂಬ ರೂಪ ಬಂದಿರುವುದು ಸಂಸ್ಕೃತದ ಚ್ವಿ ಪ್ರತ್ಯಯ ಮತ್ತು ‘ಕೃ’ ಧಾತುವಿನ ಕೂಟದಿಂದ. ಅದರ ಅರ್ಥ, ಮೊದಲು ಹಾಗಿಲ್ಲದುದನ್ನು ಹಾಗೆ ಮಾಡುವುದು. ಸಂಸ್ಕೃತದಲ್ಲಿ ಇದರ ಜೊತೆಗಾರನೂ ಉಂಟು: ಅದೇ ಚ್ವಿಯೊಡನೆ ‘ಭೂ’ ಧಾತು ಸೇರಿದ ‘-ಈಭವನ’, ಎಂದರೆ ಹಾಗೆ ಆಗುವುದು. ಕನ್ನಡ ಈ ಜೋಡಿಯನ್ನು ಬಲ್ಲದು. ಘನೀಕರಣ ಮತ್ತು ಘನೀಭವನ, ಕೇಂದ್ರೀಕೃತ ಮತ್ತು ಕೇಂದ್ರೀಭೂತ ಎಂಬ ಪದಗಳನ್ನು ಬಲ್ಲವರು ಅವುಗಳ ಭೇದವನ್ನೂ ಬಲ್ಲರು. ಇತ್ತ ಕನ್ನಡದ ಸ್ವಂತ ವ್ಯವಸ್ಥೆಯಲ್ಲಿ ಒಣಗುವಿಕೆ ಮತ್ತು ಒಣಗಿಸುವಿಕೆ ಎಂಬ ಜೋಡಿ ಇನ್ನೂ ನಿಚ್ಚಳವಾಗಿದೆ. ಎರಡೂ ಮೂಲಗಳು ಭೇದವನ್ನು ಕಾಣಬಲ್ಲವಾಗಿದ್ದರೂ ನಮ್ಮ ಪಾರಿಭಾಷಿಕ ಪದಗಳಲ್ಲಿ ಅದು ಕಾಣದಿರುವುದಕ್ಕೆ ಕಾರಣ ಮೂರನೆಯ ಭಾಷೆ. ಇಂಗ್ಲಿಷಿನ ‘-ಏಶನ್’ ಪ್ರತ್ಯಯ ಆಗುವುದು, ಮಾಡುವುದು ಎರಡಕ್ಕೂ ಒಂದೇ. ಅನುವಾದಕರು ಅದರ ಪ್ರತಿಯೊಂದು ಸಂದರ್ಭಕ್ಕೂ ‘-ಈಕರಣ’ವನ್ನು ಸ್ಥಿರಪಡಿಸಿಕೊಂಡರು. ಪದಗಳು ಸಂಸ್ಕೃತದವಾದರೂ ಅವುಗಳ ಕುರುಡು ಇಂಗ್ಲಿಷಿನದು.

‘ಕೆಟನೀಕರಣ’ ಇದಕ್ಕೆ ಒಳ್ಳೆಯ ನಿದರ್ಶನ. ಕಾರ್ಬನ್ ಪರಮಾಣುಗಳು ಒಂದಕ್ಕೊಂದು ಸೇರಿ ಸರಪಳಿಯಾಗುವ ಗುಣ ಅದು. ಅಲ್ಲಿ ಸರಪಳಿಯನ್ನು ಮಾಡುವ ಕರ್ತೃ ಯಾರೂ ಇಲ್ಲ. ಅದು ಕಾರ್ಬನ್ನಿನ ಸ್ವಭಾವ. ಆದರೂ ಪದ ‘ಕರಣ’ವೆಂದೇ ಹೇಳುತ್ತದೆ. ‘ಕೆಟನ’ ಎಂಬುದಕ್ಕೆ ಕನ್ನಡದಲ್ಲಿ ಅರ್ಥವಿಲ್ಲ. ಅದೇ ಅಧ್ಯಾಯದಲ್ಲಿ ‘ಸರಪಳಿ’ ಎಂಬ ಪದ ಧಾರಾಳವಾಗಿ ಬರುತ್ತದೆ. ಮುಂದೆ ಕೀಟೋನ್ ಎಂಬ ಪದವನ್ನು ಕಲಿತ ವಿದ್ಯಾರ್ಥಿ ಕೆಟನೀಕರಣವನ್ನು ಕೀಟೋನ್ ಮಾಡುವ ಕ್ರಿಯೆಯೆಂದು ತಿಳಿದರೆ ತಪ್ಪು ಅವನದಲ್ಲ.

ಇದಕ್ಕೆ ಎದುರಾಗಿ ಅದೇ ಪುಸ್ತಕದಲ್ಲಿರುವ ‘ಕಮಟುವಿಕೆ’ ಎಂಬ ಪದವನ್ನು ನೋಡಬೇಕು. ಎಣ್ಣೆ, ಕೊಬ್ಬುಗಳು ಗಾಳಿಗೆ ಸಿಕ್ಕಿ ಕೆಡುವುದಕ್ಕೆ ಕೊಟ್ಟಿರುವ ಹೆಸರು ಅದು. ಹಳೆಯ ಕೊಬ್ಬರಿ ಎಣ್ಣೆ ಕಮಟುತ್ತದೆ. ಅದನ್ನು ಯಾರೂ ಕಮಟಿಸುವುದಿಲ್ಲ. ಪದವು ಅಕರ್ಮಕ ಕ್ರಿಯೆಯಿಂದ ಹುಟ್ಟಿರುವುದರಿಂದ ಪ್ರಕ್ರಿಯೆಯ ಸ್ವರೂಪವನ್ನು ತಾನೇ ಹೇಳುತ್ತದೆ. ಇದು ಅಚ್ಚಗನ್ನಡವಾದುದರಿಂದ ಒಳ್ಳೆಯ ಪದವೆಂದು ನಾವು ಹೇಳುತ್ತಿಲ್ಲ. ಇದರ ಬೆನ್ನಹಿಂದೆ ಒಂದು ಜೀವಂತ ಕ್ರಿಯಾಪದವಿದೆ ಎಂಬುದು ಇದರ ಗುಣ.

ಭೇದವು ರಸಾಯನಕ್ಕೂ ಮುಖ್ಯವೇ? ಎಥನಾಲ್ ಎಥನೋಯಿಕ್ ಆಮ್ಲವಾಗುವ ಕ್ರಿಯೆಯನ್ನು ತೆಗೆದುಕೊಳ್ಳೋಣ. ಇಟ್ಟ ಸೇಂದಿ ಹುಳಿಯಾಗುತ್ತದೆ. ಅಲ್ಲಿ ಬ್ಯಾಕ್ಟೀರಿಯಗಳೂ ಗಾಳಿಯೂ ಕೂಡಿ ನಡೆಸುವುದು ಇದನ್ನೇ. ಪ್ರಯೋಗಶಾಲೆಯಲ್ಲಿ ಕ್ಷಾರೀಯ ಪೊಟ್ಯಾಸಿಯಂ ಪರ್ಮಾಂಗನೇಟಿನಿಂದ ನಾವು ಮಾಡುವುದೂ ಇದನ್ನೇ. ‘ಎಥನಾಲ್‌ನ ಉತ್ಕರ್ಷಣೆ’ ಎಂದಷ್ಟೇ ಹೇಳಿದರೆ ಎಥನಾಲ್ ಉತ್ಕರ್ಷಿಸಿತೋ ಉತ್ಕರ್ಷಿತವಾಯಿತೋ ತಿಳಿಯುವುದಿಲ್ಲ. ಉತ್ಕರ್ಷಣಕಾರಿ ಯಾವುದು, ಉತ್ಕರ್ಷಣೆ ಹೊಂದಿದ್ದು ಯಾವುದು ಎಂಬ ಪ್ರಶ್ನೆಯಲ್ಲಿ ಎಡವುವ ವಿದ್ಯಾರ್ಥಿಯು ರಸಾಯನದಲ್ಲಿ ಎಡವಿದನೋ ವಾಕ್ಯದಲ್ಲಿ ಎಡವಿದನೋ ಎಂದು ನಾವು ಮೊದಲು ಕೇಳಬೇಕು.

‘-ಇಸು’ ಪ್ರತ್ಯಯ ಹಚ್ಚಿದರೆ ಸಾಲದೇ ಎಂಬ ಆಕ್ಷೇಪ ಬರಬಹುದು. ಸಾಲದು. ಕನ್ನಡ ಧಾತುಗಳ ಮೇಲೆ ‘-ಇಸು’ ಪ್ರೇರಣಾರ್ಥಕ: ಒಣಗು, ಒಣಗಿಸು. ಸಂಸ್ಕೃತ ಪ್ರಕೃತಿಗಳ ಮೇಲೆ ಅದು ಬರಿಯ ಕ್ರಿಯಾಕಾರಿ: ‘ಜನಿಸು’, ‘ಘನೀಭವಿಸು’ ಅಕರ್ಮಕಗಳು, ‘ರಚಿಸು’, ‘ಘನೀಕರಿಸು’ ಸಕರ್ಮಕಗಳು. ಆದ್ದರಿಂದ ‘ಉತ್ಕರ್ಷಿಸು’ ಎಂಬ ರೂಪ ತಾನಾಗಿ ಏನನ್ನೂ ಹೇಳದು. ಕರ್ಮಪದವನ್ನು ಕೊಟ್ಟೋ, ‘ಆಗು’ ಸೇರಿಸಿಯೋ ವಾಕ್ಯವೇ ಅದನ್ನು ಹೇಳಬೇಕಾಗುತ್ತದೆ.

ಭೇದವನ್ನು ಪಠ್ಯ ಬಿಟ್ಟರೂ ಮಾತು ಬಿಟ್ಟಿಲ್ಲ ಎಂಬುದು ಗಮನಾರ್ಹ. ರಸಾಯನವನ್ನು ಬಾಯಿಮಾತಿನಲ್ಲಿ ವಿವರಿಸುವ ಕನ್ನಡಿಗರು ‘ಆಕ್ಸಿಡೈಸ್ ಆಗುತ್ತೆ’ ಎನ್ನುತ್ತಾರೆ, ‘ಆಕ್ಸಿಡೈಸ್ ಮಾಡುತ್ತೆ’ ಎನ್ನುತ್ತಾರೆ. ಬೆರಕೆಯೆಂದು ಹಳಿಯಲಾಗುವ ಈ ನುಡಿಯಲ್ಲಿ ಕನ್ನಡದ ವ್ಯಾಕರಣ ಪೂರ್ತಿಯಾಗಿ ಕೆಲಸಮಾಡುತ್ತಿದೆ. ಶುದ್ಧವೆನಿಸುವ ಅಚ್ಚಿನ ಪುಟದಲ್ಲಿ ಅದು ಸುಮ್ಮನಾಗಿದೆ.

4. ಲೋಪ, ಆಗಮ, ಆದೇಶ

ಪಠ್ಯವು ಕೈಯಲ್ಲಿದ್ದೂ ಬಳಸದೆ ಬಿಟ್ಟ ಒಂದು ನೆರವಿನ ಕಡೆಗೆ ಈಗ ಗಮನ ಸೆಳೆಯಬೇಕು. ಮೀಥೇನಿನ ಮೇಲೆ ಕ್ಲೋರಿನ್ ಬೆಳಕಿನಲ್ಲಿ ವರ್ತಿಸಿದಾಗ ಹೈಡ್ರೋಜನ್ ಹೊರಟು ಆ ಜಾಗಕ್ಕೆ ಕ್ಲೋರಿನ್ ಬರುತ್ತದೆ. ಇದಕ್ಕೆ ‘ಆದೇಶನ ಕ್ರಿಯೆ’ ಎಂದು ಹೆಸರು. ಸಾಮಾನ್ಯ ಕನ್ನಡದಲ್ಲಿ ಆದೇಶವೆಂದರೆ ಅಪ್ಪಣೆ. ಹೀಗಾಗಿ ಪದ ಅಪರಿಚಿತವಾಗಿ ತೋರುತ್ತದೆ. ಆದರೆ ಅದೇ ವಿದ್ಯಾರ್ಥಿ ಕನ್ನಡ ತರಗತಿಯಲ್ಲಿ ಆದೇಶಸಂಧಿಯನ್ನು ಕಲಿತಿದ್ದಾನೆ: ಮಳೆ ಮತ್ತು ಕಾಲ ಸೇರಿ ಮಳೆಗಾಲವಾದಾಗ ಕಕಾರ ಹೊರಟು ಆ ಜಾಗಕ್ಕೆ ಗಕಾರ ಬರುತ್ತದೆ. ಎರಡೂ ಒಂದೇ ಪಾರಿಭಾಷಿಕ ಪದ, ಒಂದೇ ಅರ್ಥ. ವ್ಯಾಕರಣದ ಪಾಠ ಒಂದು ಪುಸ್ತಕದಲ್ಲಿ, ರಸಾಯನದ ಪಾಠ ಇನ್ನೊಂದರಲ್ಲಿ. ನಡುವೆ ಒಂದು ವಾಕ್ಯದ ಸೇತುವೆಯಿಲ್ಲ.

ಹೋಲಿಕೆ ಇಲ್ಲಿಗೇ ನಿಲ್ಲುವುದಿಲ್ಲ. ಈಥೀನಿಗೆ ನಿಕ್ಕಲ್ ಕ್ರಿಯಾವರ್ಧಕದ ಸಮ್ಮುಖದಲ್ಲಿ ಹೈಡ್ರೋಜನ್ ಸೇರಿದಾಗ ಯಾವುದೂ ಹೊರಹೋಗದೆ ಹೊಸದೊಂದು ಒಳಬರುತ್ತದೆ. ವ್ಯಾಕರಣದಲ್ಲಿ ಇದು ಆಗಮ. ಬಿಸಿಯಾದ ಸಾಂದ್ರ ಸಲ್ಫ್ಯೂರಿಕ್ ಆಮ್ಲದೊಡನೆ ಎಥನಾಲ್ ನೀರನ್ನು ಕಳೆದುಕೊಂಡು ಈಥೀನ್ ಆದಾಗ ನಡೆಯುವುದು ಲೋಪ. ಸಾವಯವ ರಸಾಯನದ ಮೂರು ಮೂಲ ಬಗೆಯ ಕ್ರಿಯೆಗಳು ಕನ್ನಡ ಸಂಧಿಯ ಮೂರು ಬಗೆಗಳಿಗೆ ಹೀಗೆ ಹೊಂದುತ್ತವೆ. ಹೋಲಿಕೆಗೆ ಮಿತಿಯೂ ಉಂಟು. ಸಂಕಲನದಲ್ಲಿ ದ್ವಿಬಂಧವೊಂದು ತೆರೆದುಕೊಳ್ಳಬೇಕು. ಸಂಧಿಯಲ್ಲಿ ಅದಕ್ಕೆ ಸಮನಾದುದಿಲ್ಲ. ಇದಲ್ಲದೆ, ಸಂಸ್ಕೃತದ ಮಾದರಿಯ ಸಂಧಿ ವಿವರಣೆ ಕನ್ನಡಕ್ಕೆ ಎಷ್ಟು ಸಲ್ಲುತ್ತದೆಂಬುದನ್ನು ಡಿ. ಎನ್. ಶಂಕರ ಭಟ್ಟರು ತೀವ್ರವಾಗಿ ಪ್ರಶ್ನಿಸಿದ್ದಾರೆ. ಆ ಚರ್ಚೆ ಏನೇ ಇರಲಿ, ಈ ಮೂರು ಪದಗಳು ಶಾಲೆಯ ಮಗುವಿನ ಬಳಿ ಈಗಾಗಲೇ ಇವೆ. ಇರುವುದನ್ನು ಬಳಸದೆ ಹೊಸದಾಗಿ ಕಲಿಸುವುದು ಬೋಧನೆಯ ದುಂದು.

5. ಹೆಸರುಗಳ ರಚನೆ ಮತ್ತು ಲಿಪಿಯ ಎಲ್ಲೆ

ಸಾವಯವ ಸಂಯುಕ್ತಗಳ ಅಂತರರಾಷ್ಟ್ರೀಯ ನಾಮಕರಣ ಪದ್ಧತಿ ಸ್ವತಃ ಒಂದು ಅಂಟುಪ್ರತ್ಯಯ ಭಾಷೆ. ಮೊದಲು ಕಾರ್ಬನ್ನುಗಳ ಸಂಖ್ಯೆ ಹೇಳುವ ಪ್ರಕೃತಿ, ಬಳಿಕ ಬಂಧದ ಬಗೆ ಹೇಳುವ ಪ್ರತ್ಯಯ, ಕೊನೆಗೆ ಕ್ರಿಯಾಗುಂಪು ಹೇಳುವ ಪ್ರತ್ಯಯ. ‘ಊರುಗಳಲ್ಲಿ’ ಎಂಬುದನ್ನು ಬಿಡಿಸಬಲ್ಲ ಕನ್ನಡದ ಮಗುವಿಗೆ ಇದು ಸ್ವಜಾತಿಯ ರಚನೆ. ಪ್ರೊಪೇನ್, ಪ್ರೊಪೀನ್, ಪ್ರೊಪೈನ್ ಎಂಬ ಮೂರು ಹೆಸರುಗಳಲ್ಲಿ ಅರ್ಥಭೇದ ಮಾಡುವ ಸ್ವರ ಕನ್ನಡ ಲಿಪಿಯಲ್ಲಿ ಕಣ್ಣಿಗೆ ಕಟ್ಟಿದಂತೆ ಕಾಣುತ್ತದೆ. ಈ ಮಟ್ಟಿಗೆ ನಮ್ಮ ಲಿಪಿ ರೋಮನ್ ಲಿಪಿಗಿಂತ ಒಳ್ಳೆಯ ಗುರು.

ತೊಡಕು ಬರುವುದು ಮೂರು ಕಡೆ. ಮೊದಲನೆಯದು, ರೋಮನ್ ಕಾಗುಣಿತವನ್ನು ಆಧರಿಸಿದ ನಿಯಮ. ಕ್ರಿಯಾಗುಂಪಿನ ಪ್ರತ್ಯಯ ಸ್ವರದಿಂದ ತೊಡಗಿದರೆ ಸರಪಳಿಯ ಹೆಸರಿನ ಕೊನೆಯ ‘ಇ’ ಎಂಬ ಇಂಗ್ಲಿಷ್ ಅಕ್ಷರವನ್ನು ಬಿಡಬೇಕು. ಪ್ರೊಪೇನ್ ಹೀಗೆ ಪ್ರೊಪನೋನ್ ಆಗುತ್ತದೆ. ಆದರೆ ಕನ್ನಡದಲ್ಲಿ ಬರೆದ ‘ಪ್ರೊಪೇನ್’ ಪದದ ಕೊನೆಯಲ್ಲಿ ಬಿಡಲು ಅಂತಹ ಅಕ್ಷರವೇ ಇಲ್ಲ. ಕನ್ನಡದಲ್ಲಿ ನಿಜವಾಗಿ ನಡೆಯುವುದು ಏಕಾರವು ಅಕಾರವಾಗುವ ಸ್ವರ ಪಲ್ಲಟ: ಪ್ರೊಪ್ ಮತ್ತು ಏನ್ ಸೇರಿ ಪ್ರೊಪೇನ್, ಪ್ರೊಪ್, ಅನ್ ಮತ್ತು ಓನ್ ಸೇರಿ ಪ್ರೊಪನೋನ್. ನಿಯಮವನ್ನು ಅನುವಾದಿಸುವುದು ಸಾಲದು. ಅದನ್ನು ಕನ್ನಡಕ್ಕಾಗಿ ಹೊಸದಾಗಿ ಬರೆಯಬೇಕು.

ಎರಡನೆಯದು, ಆಲ್ಕೋಹಾಲ್ ಮತ್ತು ಆಲ್ಡಿಹೈಡುಗಳ ಪ್ರತ್ಯಯಗಳು. ಡಾಕ್ಟರ್, ಕಾಲೇಜು, ಹಾಸ್ಟೆಲ್ ಎಂಬಲ್ಲಿ ಇಂಗ್ಲಿಷಿನ ಒಕಾರವನ್ನು ಕನ್ನಡವು ಆಕಾರವಾಗಿ ಪಡೆದಿದೆ. ಆ ರೂಢಿಯಂತೆ ಆಲ್ಕೋಹಾಲ್ ‘ಎಥನಾಲ್’ ಆಗಿದೆ. ಆಲ್ಡಿಹೈಡನ್ನು ಅದರ ರೋಮನ್ ಕಾಗುಣಿತ ನೋಡಿ ಬರೆದರೆ ಅದೂ ‘ಎಥನಾಲ್’ ಆಗುವ ಅಪಾಯವಿದೆ. ಬೇರೆ ಬೇರೆ ಕ್ರಿಯಾಗುಂಪುಗಳ ಎರಡು ಸಂಯುಕ್ತಗಳು ಒಂದೇ ಪದವಾಗಿಬಿಡುತ್ತವೆ. ಇದಕ್ಕೆ ಪರಿಹಾರ ಈ ಸೀಮೆಯ ನಾಲಗೆಯಲ್ಲೇ ಇದೆ. ಮೇಲೆ, ಬೇಡ ಎಂಬುವು ಇಲ್ಲಿ ಮ್ಯಾಲೆ, ಬ್ಯಾಡ ಆಗುತ್ತವೆ. ಮುಂದಿನ ಸ್ವರ ಉಚ್ಚವಲ್ಲದಾಗ ಏಕಾರ ಹೀಗೆ ಇಳಿಯುತ್ತದೆ. ಉಕಾರವಿರುವ ‘ಕೇಳು’ ಹಾಗೆಯೇ ಉಳಿಯುತ್ತದೆ. ದೇಸಿ ಪದಗಳಲ್ಲಿ ಸನ್ನಿವೇಶವನ್ನು ಅವಲಂಬಿಸಿದ ಈ ಸ್ವರ ಬ್ಯಾಂಕು, ಬ್ಯಾರನ್ ಮೊದಲಾದ ಎರವಲುಗಳಲ್ಲಿ ಸ್ವತಂತ್ರ ಧ್ವನಿಮಾ ಆಗಿದೆ. ‘ಎಥನಾಲ್’ಗೆ 'ಎಥನ್ಯಾಲ್' ಎದುರಾದರೆ ಹುಣಸೂರಿನ ಕಿವಿ ಎರಡನ್ನೂ ಬೇರೆಯಾಗಿ ಕೇಳಬಲ್ಲದು.

ಮೂರನೆಯದು ತಂಬಾಕಿಗೇ ಸಂಬಂಧಿಸಿದ್ದು. ನಿಕೋಟಿನ್, ಕೆಫೀನ್, ಅಮೀನ್, ಕ್ಲೋರಿನ್ ಎಂಬ ಹೆಸರುಗಳ ಕೊನೆಯ ಪ್ರತ್ಯಯಕ್ಕೂ ಪ್ರೊಪೀನಿನ ಪ್ರತ್ಯಯಕ್ಕೂ ರೋಮನ್ ಬರಹದಲ್ಲಿ ಭೇದವಿದೆ. ಕನ್ನಡದಲ್ಲಿ ಆ ಭೇದ ಇಕಾರ, ಈಕಾರಗಳ ನಡುವೆ ತೇಲಾಡುತ್ತದೆ, ಅಮೀನ್ ಮತ್ತು ಪ್ರೊಪೀನ್ ಒಂದೇ ಪ್ರತ್ಯಯದವಾಗಿ ಕಾಣುತ್ತವೆ. ಅದನ್ನು ತಪ್ಪಿಸಲು ‘ಅಮೈನ್’ ಎಂದು ಬರೆದರೆ ಅದು ಪ್ರೊಪೈನಿನ ಸಾಲಿಗೆ ಬೀಳುತ್ತದೆ. ಈ ಸೀಮೆಯ ಮಗು ಎಲ್ಲರಿಗಿಂತ ಮೊದಲು ಕೇಳುವ ಸಾವಯವ ಸಂಯುಕ್ತದ ಹೆಸರು ನಿಕೋಟಿನ್ ಆಗಿರಬಹುದು. ಅದರಲ್ಲಿ ನೈಟ್ರೋಜನ್ ಇದೆಯೆಂಬ ಸುಳಿವನ್ನು ಆ ಪ್ರತ್ಯಯ ಕೊಡಬೇಕಿತ್ತು. ಲಿಪ್ಯಂತರಣಕ್ಕೆ ಒಂದು ಸ್ಥಿರ ಕೋಷ್ಟಕವಿದ್ದರೆ ಈ ತೊಡಕು ಒಂದು ಪುಟದಲ್ಲಿ ಬಗೆಹರಿಯುತ್ತದೆ.

6. ಪದದ ಮೂಲವೋ, ಪದದ ನಡೆಯೋ

ಕನ್ನಡದಲ್ಲಿ ವಿಜ್ಞಾನ ಬರೆಯುವ ಪ್ರಯತ್ನಕ್ಕೆ ಶತಮಾನ ಮೀರಿದ ಇತಿಹಾಸವಿದೆ. ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರು ‘ವಿಜ್ಞಾನ’ ಮಾಸಪತ್ರಿಕೆಯನ್ನು ತಂದುದು 1918ರಲ್ಲಿ. ಅಂದಿನಿಂದ ಚರ್ಚೆ ಬಹುಮಟ್ಟಿಗೆ ಪದಗಳ ಮೂಲದ ಸುತ್ತಲೇ ನಡೆದಿದೆ: ಇಂಗಾಲವೋ ಕಾರ್ಬನ್ನೋ, ಆಮ್ಲಜನಕವೋ ಆಕ್ಸಿಜನ್ನೋ. ಪಠ್ಯಗಳು ಈಗ ಕಾರ್ಬನ್, ಆಕ್ಸಿಜನ್‌ಗಳನ್ನು ಒಪ್ಪಿವೆ; ಪತ್ರಿಕೆಗಳು ಆಮ್ಲಜನಕವನ್ನು ಬಿಟ್ಟಿಲ್ಲ. ಎರಡೂ ನಡೆಯುತ್ತಿವೆ, ಯಾರಿಗೂ ತೊಂದರೆಯಾಗಿಲ್ಲ.

ಮೂಲದ ಶುದ್ಧಿ ನಿರ್ಣಾಯಕವಲ್ಲವೆಂಬುದಕ್ಕೆ ಪಠ್ಯವೇ ಸಾಕ್ಷಿ. ‘ಕ್ರಿಯಾಗುಂಪು’ ಸಂಸ್ಕೃತ ಮತ್ತು ಕನ್ನಡದ ಕೂಟ. ಸಂಪ್ರದಾಯದ ವ್ಯಾಕರಣದ ಪ್ರಕಾರ ಅರಿಸಮಾಸ. ‘ಸಹವೇಲೆನ್ಸಿ’ ಸಂಸ್ಕೃತ ಮತ್ತು ಇಂಗ್ಲಿಷಿನ ಕೂಟ. ಎರಡೂ ಅಧ್ಯಾಯದ ಅತ್ಯಂತ ಸುಗಮ ಪದಗಳಲ್ಲಿ ಸೇರಿವೆ. ಅವು ವಸ್ತುಗಳ, ಸಂಬಂಧಗಳ ಹೆಸರುಗಳಾದುದರಿಂದ ನಾಮಪದವಾಗಿರುವುದು ಅವಕ್ಕೆ ಸಹಜ. ತೊಡಕಿರುವುದು ಪ್ರಕ್ರಿಯೆಗಳ ಹೆಸರಿನಲ್ಲಿ. ಪ್ರಕ್ರಿಯೆಗೆ ಕ್ರಿಯಾಪದ ಬೇಕು.

ಇದರ ಬೆಲೆ ತೆರಬೇಕಾದವರು ಯಾರೆಂಬುದನ್ನೂ ಹೇಳಬೇಕು. ಪದವಿಪೂರ್ವ ತರಗತಿಯಲ್ಲಿ ವಿಜ್ಞಾನದ ಪಠ್ಯ ಇಂಗ್ಲಿಷಿನದು. ಪ್ರೊಪೇನ್, ಎಥನಾಲ್ ಎಂಬ ಹೆಸರುಗಳು ಆ ಗಡಿಯನ್ನು ದಾಟುತ್ತವೆ. ಉತ್ಕರ್ಷಣ, ಆದೇಶನಗಳು ದಾಟುವುದಿಲ್ಲ. ಒಂದು ವರ್ಷದ ಬಳಕೆಗಾಗಿ ಕಲಿತ ಆ ಪದಗಳು ಮನೆಮಾತಿನ ಕ್ರಿಯಾಪದಗಳಿಗೆ ಬೆಸೆದಿದ್ದರೆ, ಪದ ಹೋದರೂ ತಿಳಿವು ಉಳಿಯುತ್ತಿತ್ತು. ಬೆಸೆಯದಿದ್ದರೆ ವಿದ್ಯಾರ್ಥಿ ಗಡಿಯ ಆಚೆ ಬರಿಗೈಯಲ್ಲಿ ನಿಲ್ಲುತ್ತಾನೆ. ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳ ಹಳ್ಳಿಯ ಶಾಲೆಯಿಂದ ಬಂದವನಿಗೆ ಇದು ಅಂಕದ ಪ್ರಶ್ನೆ ಮಾತ್ರವಲ್ಲ. ತಂಬಾಕಿನ ಭವಿಷ್ಯ, ಅದರ ಬದಲಿ ಬೆಳೆ, ಕೀಟನಾಶಕದ ಸೀಸೆಯ ಮೇಲಿನ ಎಚ್ಚರಿಕೆ, ಹಸಿ ಸೊಪ್ಪನ್ನು ಮುಟ್ಟಿದ ಚರ್ಮದೊಳಕ್ಕೆ ಇಳಿಯುವ ನಿಕೋಟಿನ್: ಅವನ ಮನೆಯವರು ದಿನವೂ ಎದುರಿಸುವ ಈ ಎಲ್ಲವೂ ಸಾವಯವ ರಸಾಯನವೇ.

7. ಉಪಸಂಹಾರ

ನಮ್ಮ ಸಲಹೆಗಳು ಮೂರು. ಪ್ರತಿಯೊಂದು ಪ್ರಕ್ರಿಯೆಯನ್ನೂ ಮೊದಲು ಕರ್ತೃ ಮತ್ತು ಕರ್ಮಗಳುಳ್ಳ ವಾಕ್ಯವಾಗಿ ಹೇಳಿ, ಅನಂತರ ಅದಕ್ಕೆ ನಾಮಪದ ಕೊಡಬೇಕು. ಆಗುವ ಪ್ರಕ್ರಿಯೆಗೂ ಮಾಡುವ ಪ್ರಕ್ರಿಯೆಗೂ ಒಂದೇ ‘-ಈಕರಣ’ವನ್ನು ಹಚ್ಚುವುದನ್ನು ಬಿಡಬೇಕು. ನಾಮಕರಣದ ನಿಯಮಗಳನ್ನು ಕನ್ನಡ ಲಿಪಿಗಾಗಿಯೇ ಬರೆದು, ಪ್ರತ್ಯಯಗಳ ಲಿಪ್ಯಂತರಣವನ್ನು ಒಂದು ಕೋಷ್ಟಕದಲ್ಲಿ ಸ್ಥಿರಗೊಳಿಸಬೇಕು. ಇವುಗಳಲ್ಲಿ ಯಾವುದಕ್ಕೂ ಹೊಸ ಪದಕೋಶ ಬೇಕಿಲ್ಲ. ರಸಾಯನ ಬಲ್ಲವರೊಡನೆ ಭಾಷಾವಿಜ್ಞಾನಿಯೊಬ್ಬರು ಕುಳಿತು ಅಧ್ಯಾಯವನ್ನು ಒಮ್ಮೆ ಓದಿದರೆ ಸಾಕು. ಪಾರಿಭಾಷಿಕ ಪದಗಳ ಸಮಿತಿಗಳಲ್ಲಿ ನಾವು ನಿಘಂಟುಕಾರರಾಗಿ ಕುಳಿತದ್ದುಂಟು. ವಾಕ್ಯರಚನೆಯ ವಿದ್ಯಾರ್ಥಿಗಳಾಗಿ ಕುಳಿತದ್ದು ಕಡಿಮೆ. ಬ್ಯಾರನ್ನಿನ ಮುಂದೆ ಕುಳಿತವನು ಎಲೆ ಒಣಗುವುದಕ್ಕೂ ಎಲೆಯನ್ನು ಒಣಗಿಸುವುದಕ್ಕೂ ಇರುವ ಅಂತರವನ್ನು ಒಂದು ಪ್ರತ್ಯಯದಲ್ಲಿ ಹೇಳುತ್ತಾನೆ. ಅವನ ಮಗಳ ಪುಸ್ತಕವೂ ಅಷ್ಟನ್ನು ಹೇಳಬೇಕು.